ಹರಾಜಿಗೆ ಇಬ್ಬರು ಬೇಕು: ಆನ್‌ಲೈನ್‌ನಲ್ಲಿ ಮಾರೋರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಒಂದು ಹಳೇ ಫಿಲ್ಮ್ ಕ್ಯಾಮೆರಾನ ಆನ್‌ಲೈನ್ ಹರಾಜಿಗೆ ಹಾಕಿದ್ದೆ. ಏಳು ದಿನಕ್ಕೆ ಒಂದೇ ಒಂದು ಬಿಡ್ ಬಂತು, ಶುರು ಬೆಲೆಗೇ ಹೊರಟೋಯ್ತು. ಅದೇ ಮಾಡೆಲ್ ಬೇರೆಯವರದ್ದು ಮೂರು ಪಟ್ಟು ರೇಟಿಗೆ ಹೋಗಿದೆ. ನನ್ನ ಟೈಟಲ್ 'ಸುಂದರವಾದ ಹಳೇ ಕ್ಯಾಮೆರಾ, ತಪ್ಪದೇ ನೋಡಿ' ಅಂತ ಇತ್ತು. ಎಲ್ಲಿ ಎಡವಟ್ಟಾಯ್ತು?

ಉತ್ತರ: ಆ ಟೈಟಲ್‌ನಲ್ಲೇ. ಸುಂದರ ಅಂತ ಟೈಪ್ ಮಾಡಿ ಕ್ಯಾಮೆರಾ ಹುಡುಕೋರು ಯಾರೂ ಇಲ್ಲ ಸ್ವಾಮಿ, ಬೇಕಾದವ್ರು ಕಂಪನಿ ಹೆಸರು, ಮಾಡೆಲ್ ನಂಬರ್, ಲೆನ್ಸ್ ಎಷ್ಟು ಎಂಎಂ ಅಂತ ಹೊಡೆದು ಹುಡುಕ್ತಾರೆ, ಅವು ನಿಮ್ಮ ಟೈಟಲ್‌ನಲ್ಲಿ ಇಲ್ಲ ಅಂದ್ರೆ ನಿಮ್ಮ ಕ್ಯಾಮೆರಾ ಅವ್ರ ಕಣ್ಣಿಗೇ ಬೀಳಲ್ಲ. ಇಬೇ ಅನ್ನೋ ಹರಾಜು ಸೈಟ್‌ನಲ್ಲಿ ಟೈಟಲ್‌ಗೆ ಸಿಗೋದು 80 ಅಕ್ಷರ. ಅದ್ರಲ್ಲಿ 'ತಪ್ಪದೇ ನೋಡಿ'ಗೆ ಜಾಗ ಕೊಡೋದು ದಂಡ.

ಇನ್ನೊಂದು ವಿಷ್ಯ ಮಾರೋರು ತುಂಬಾ ಜನ ಗಮನಿಸಿರಲ್ಲ. ಇಂಥ ಸೈಟ್‌ಗಳಲ್ಲಿ ಬಿಡ್ ಮಾಡೋನು ತನ್ನ ಗರಿಷ್ಠ ಮೊತ್ತ ಹೇಳಿಬಿಡ್ತಾನೆ, ಸೈಟು ಅವನ ಪರವಾಗಿ ಬೇಕಾದಷ್ಟೇ ಏರಿಸ್ತಾ ಹೋಗುತ್ತೆ. ಅಂದ್ರೆ ಒಬ್ಬ 200ರ ತನಕ ಕೊಡೋಕೆ ರೆಡಿ ಇದ್ದು ಇನ್ನೊಬ್ಬ 60ಕ್ಕೆ ನಿಂತ್ರೆ, ನಿಮ್ಗೆ ಸಿಗೋದು 60ರ ಮೇಲೆ ಒಂಚೂರು, 200 ಅಲ್ಲ. ಆ ಎರಡನೆಯವನೂ ಇಲ್ದಿದ್ರೆ ಶುರು ಬೆಲೆನೇ ಗತಿ, ನಿಮ್ಗೆ ಆಗಿದ್ದೂ ಅದೇ. ರೇಟು ಫಿಕ್ಸ್ ಮಾಡೋನು ಗೆದ್ದವನಲ್ಲ, ಸೋತವ್ರಲ್ಲಿ ಎಲ್ಲರಿಗಿಂತ ಜಾಸ್ತಿ ಕೂಗಿದವನು. ನಿಮ್ಮ ಟೈಟಲ್ಲು, ಫೋಟೋ, ಟೈಮಿಂಗು ಎಲ್ಲಾ ಅವನನ್ನ ಕರ್ಕೊಂಡ್ ಬರೋಕೆ.

ಪ್ರಶ್ನೆ: ಶುರು ಬೆಲೆ ಕಮ್ಮಿ ಇಟ್ರೆ ಜನ ಬರ್ತಾರೆ ಅಂತಾರೆ, ನಂಗೆ ಭಯ. ರಿಸರ್ವ್ (ಇಷ್ಟು ಬಂದ್ರೇ ಕೊಡೋದು ಅನ್ನೋ ಗುಟ್ಟಿನ ಕನಿಷ್ಠ ಬೆಲೆ) ಇಡ್ಲಾ?

ಉತ್ತರ: ಮೊದ್ಲು ಸೈಟ್‌ನಲ್ಲಿ 'ಮಾರಾಟ ಆಗಿರೋದು' ಅನ್ನೋ ಫಿಲ್ಟರ್ ಹಾಕಿ ನೋಡಿ. ಜನ ಕೇಳ್ತಿರೋ ರೇಟ್ ನೋಡ್ಬೇಡಿ, ಕೇಳೋದಕ್ಕೇನು ಯಾರ್ ಬೇಕಾದ್ರೂ ಎಷ್ಟ್ ಬೇಕಾದ್ರೂ ಕೇಳ್ಬಹುದು. ಅದೇ ವಸ್ತು ಪದೇ ಪದೇ ಮಾರಾಟ ಆಗ್ತಿದೆ, ಪ್ರತಿ ಸಲ ಹತ್ತಾರು ಬಿಡ್ ಬಿದ್ದಿದೆ ಅಂದ್ರೆ ಧೈರ್ಯವಾಗಿ ಕಮ್ಮಿ ಇಂದ ಶುರು ಮಾಡಿ, ಅದು ಏರೋ ಜಾಗಕ್ಕೆ ಏರುತ್ತೆ. ಹುಡುಕೋರೇ ಅಪರೂಪ ಅನ್ನೋ ವಸ್ತುವಾದ್ರೆ ಕಮ್ಮಿ ಬೆಲೆ ಜೂಜಾಗುತ್ತೆ, ಇದಕ್ಕಿಂತ ಕೆಳಗೆ ಕೊಡಲ್ಲ ಅನ್ನೋ ಮೊತ್ತದಿಂದಲೇ ಶುರು ಮಾಡಿ, ಇಲ್ಲಾ ಫಿಕ್ಸೆಡ್ ರೇಟ್ ಹಾಕಿ ಕಾಯಿರಿ. ರಿಸರ್ವ್ ನಂಗೇನೋ ಇಷ್ಟ ಇಲ್ಲ. ಬಿಡ್ ಮಾಡಿದ ತಕ್ಷಣ 'ರಿಸರ್ವ್ ತಲುಪಿಲ್ಲ' ಅಂತ ಕಂಡ್ರೆ ತುಂಬಾ ಜನ ಅಲ್ಲಿಂದಲೇ ವಾಪಸ್ಸು, ಮೇಲೆ ಕೆಲವು ಕಡೆ ಅದಕ್ಕೆ ಬೇರೆ ಫೀಸು.

ಪ್ರಶ್ನೆ: ಲೆನ್ಸ್ ಒಳಗೆ ಸಣ್ಣ ಫಂಗಸ್ ಇದೆ. ಫೋಟೋದಲ್ಲಿ ಕಾಣಲ್ಲ. ಹೇಳ್ಲೇಬೇಕಾ?

ಉತ್ತರ: ಹೇಳ್ಲೇಬೇಕು, ಫೋಟೋದಲ್ಲಿ ಕಾಣೋ ಹಾಗೂ ಮಾಡ್ಬೇಕು. ಲೆನ್ಸ್ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ) ಪೂರ್ತಿ ಅಗಲ ಮಾಡಿ, ಸ್ವಲ್ಪ ಓರೆಯಿಂದ ಒಂದು ಫೋಟೋ ತೆಗೀರಿ, ಆ ಬಿಳಿ ದಾರದ ಥರ ಹಬ್ಬಿರೋದು ಚೆನ್ನಾಗಿ ಕಾಣುತ್ತೆ. ಆಮೇಲೆ ಬ್ಯಾಟರಿ ಹಾಕೋ ಜಾಗದ ಮುಚ್ಚಳ ತೆಗೆದು ಒಂದು (ಹಸಿರು ಪುಡಿ ಕಟ್ಟಿದ್ರೆ ಅದೂ ಬರ್ಲಿ), ಹಿಂದಿನ ಬಾಗಿಲು ತೆಗೆದು ಶಟರ್ ಕಾಣೋ ಹಾಗೆ ಒಂದು, ಸೀರಿಯಲ್ ನಂಬರ್ ಒಂದು. ಕಿಟಕಿ ಪಕ್ಕದ ಬೆಳಕು ಸಾಕು, ಫ್ಲಾಶ್ ಬೇಡ, ಅದು ಗೀರುಗಳನ್ನೆಲ್ಲಾ ನುಂಗಿಹಾಕುತ್ತೆ. ಇಂಟರ್‌ನೆಟ್‌ನಿಂದ ಎತ್ತಿದ ಕಂಪನಿ ಫೋಟೋ ಅಂತೂ ಹಾಕ್ಲೇಬೇಡಿ.

ಹೇಳಿದ್ರೆ ರೇಟ್ ಬೀಳುತ್ತೆ ಅನ್ನೋದು ನಿಮ್ಮ ಯೋಚ್ನೆ. ಬೀಳಬಹುದು, ಆದ್ರೆ ನೀವಂದ್ಕೊಂಡಷ್ಟು ಬೀಳಲ್ಲ, ಯಾಕಂದ್ರೆ ತಿಳಿದವ್ರು ಏನೂ ಹೇಳದ ಲೆನ್ಸನ್ನ ಹಾಳಾಗಿರೋದು ಅಂತ್ಲೇ ಲೆಕ್ಕ ಹಾಕಿ ಬಿಡ್ ಮಾಡ್ತಾರೆ. 'ಟೆಸ್ಟ್ ಮಾಡಿಲ್ಲ' ಅಂತ ಬರೆದ್ರೂ ಅಷ್ಟೇ, ಕೆಟ್ಟಿದೆ ಅಂತ್ಲೇ ಓದ್ಕೋತಾರೆ. ಅದರ ಬದ್ಲು ಶಟರ್ ಎಲ್ಲಾ ಸ್ಪೀಡಲ್ಲೂ ಬೀಳ್ತಿದೆ, ಬೆಳಕು ಅಳೆಯೋ ಮೀಟರ್‌ಗೆ ಬ್ಯಾಟರಿ ಹಾಕಿ ನೋಡಿಲ್ಲ, ಫಿಲ್ಮ್ ಹಾಕಿ ತೆಗೆದಿಲ್ಲ ಅಂತ ಬಿಡಿಬಿಡಿಯಾಗಿ ಬರೀರಿ. ಕೆಟ್ಟಿದ್ದಕ್ಕೂ ಗಿರಾಕಿ ಇರ್ತಾರೆ. ಇಬೇ 1995ರಲ್ಲಿ ಆಕ್ಷನ್‌ವೆಬ್ ಅನ್ನೋ ಹೆಸರಲ್ಲಿ ಶುರುವಾದಾಗ ಮೊದಲು ಮಾರಾಟ ಆಗಿದ್ದೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಸೈಟ್ ಕಟ್ಟಿದ ಪಿಯರ್ ಒಮಿಡ್ಯಾರ್ ಅವ್ರೇ ಅದು ಕೆಟ್ಟಿದೆ ಗೊತ್ತಾ ಅಂತ ಕೇಳಿದ್ರೆ, ಕೊಂಡವ್ರು ನಾನು ಕೆಟ್ಟಿರೋದನ್ನೇ ಕಲೆಹಾಕೋದು ಅಂದ್ರಂತೆ.

ಪ್ರಶ್ನೆ: ಹರಾಜು ಯಾವಾಗ ಮುಗಿದ್ರೆ ಒಳ್ಳೇದು?

ಉತ್ತರ: ಕೊಳ್ಳೋರು ಎಚ್ಚರ ಇದ್ದು ಬಿಡುವಾಗಿರೋ ಹೊತ್ತಿಗೆ. ಗಟ್ಟಿ ಬಿಡ್‌ಗಳು ತುಂಬಾ ಸಲ ಕೊನೇ ಕೆಲವು ಸೆಕೆಂಡಲ್ಲೇ ಬರೋದು, ಸ್ನೈಪಿಂಗ್ ಅಂತಾರಲ್ಲ ಅದು. ಹರಾಜು ಸಾಮಾನ್ಯವಾಗಿ ಯಾವ ಹೊತ್ತಿಗೆ ಶುರುವಾಯ್ತೋ ಕೊನೇ ದಿನ ಅದೇ ಹೊತ್ತಿಗೆ ಮುಗಿಯುತ್ತೆ, ನಿದ್ದೆ ಬರ್ಲಿಲ್ಲ ಅಂತ ರಾತ್ರಿ ಮೂರಕ್ಕೆ ಲಿಸ್ಟ್ ಮಾಡಿದ್ರೆ ರಾತ್ರಿ ಮೂರಕ್ಕೇ ಮುಗಿಯೋದು. ಎರಡು ದಿನ ಬಿಡ್ ಬರ್ಲಿಲ್ಲ ಅಂತ ಗಾಬರಿಯಾಗಿ ಹರಾಜು ಕ್ಯಾನ್ಸಲ್ ಮಾಡ್ಬೇಡಿ.

ಪ್ರಶ್ನೆ: ಎರಡನೇ ಬಿಡ್ಡರ್ ಇಲ್ದಿದ್ರೆ ನನ್ನ ತಮ್ಮನ ಕೈಲೇ ಒಂದೆರಡು ಬಿಡ್ ಹಾಕಿಸ್ಬಹುದಲ್ವಾ?

ಉತ್ತರ: ಬೇಡ. ಅದು ಶಿಲ್ ಬಿಡ್ಡಿಂಗ್, ಸಿಕ್ಕಿಬಿದ್ರೆ ಅಕೌಂಟ್ ಹೋಗುತ್ತೆ, ಎಷ್ಟೋ ದೇಶದಲ್ಲಿ ಕಾನೂನಿಗೂ ವಿರುದ್ಧ. ತಮ್ಮನೇ ಗೆದ್ದುಬಿಟ್ರೆ ಏನ್ ಮಾಡ್ತೀರ ಅನ್ನೋದು ಬೇರೆ ವಿಷ್ಯ.

ಪ್ರಶ್ನೆ: ಗೆದ್ದವರು 'ದುಡ್ಡು ಜಾಸ್ತಿ ಕಳಿಸಿದೀನಿ, ಮಿಕ್ಕಿದ್ದು ನಮ್ಮ ಕೊರಿಯರ್‌ನವ್ರಿಗೆ ಕೊಡಿ' ಅಂತಿದಾರೆ. ಪೇಮೆಂಟ್ ಬಂದಿದೆ ಅಂತ ಮೇಲ್ ಕೂಡ ಬಂದಿದೆ.

ಉತ್ತರ: ಏನೂ ಕಳಿಸ್ಬೇಡಿ, ವಸ್ತುನೂ ಬೇಡ ದುಡ್ಡೂ ಬೇಡ. ಇದು ಹಳೇ ಮೋಸ. ಮೇಲ್‌ನಲ್ಲಿರೋ ಲಿಂಕ್ ಒತ್ತದೆ ನೀವೇ ಅಕೌಂಟ್‌ಗೆ ಲಾಗಿನ್ ಆಗಿ ನೋಡಿ, ಅಲ್ಲಿ ಆ ದುಡ್ಡು ಇರಲ್ಲ. ಇದ್ದಹಾಗೆ ಕಂಡ್ರೂ ನಾಳೆ ವಾಪಸ್ ಹೋಗಬಹುದು. ಸೈಟ್‌ಗೆ ರಿಪೋರ್ಟ್ ಮಾಡಿ.

ಪ್ರಶ್ನೆ: ಕೊರಿಯರ್ ಖರ್ಚಲ್ಲೇ ಲಾಭ ಪೂರ್ತಿ ಹೋಯ್ತು!

ಉತ್ತರ: ಲಿಸ್ಟ್ ಮಾಡೋಕ್ ಮುಂಚೆನೇ ಪ್ಯಾಕ್ ಮಾಡಿ ತೂಕ ಹಾಕಿ, ಮಾರಾಟ ಆದ್ಮೇಲಲ್ಲ. ಡಬ್ಬದ ಉದ್ದ ಅಗಲ ಎತ್ತರನೂ ಅಳೀರಿ, ಡಬ್ಬ ದೊಡ್ಡದಾಗಿ ಒಳಗೆ ಹಗುರ ಇದ್ರೆ ತುಂಬಾ ಕೊರಿಯರ್‌ನವ್ರು ಅಳತೆ ಮೇಲೆ ಲೆಕ್ಕ ಹಾಕ್ತಾರೆ. ಸೈಟ್‌ನ ಕಮಿಷನ್ ಕೂಡ ಕೆಲವು ಕಡೆ ಶಿಪ್ಪಿಂಗ್ ಸೇರಿದ ಒಟ್ಟು ಮೊತ್ತದ ಮೇಲೆ ಬೀಳುತ್ತೆ, ಅದನ್ನೂ ಹಿಡ್ಕೊಳ್ಳಿ. ಟ್ರ್ಯಾಕಿಂಗ್ ಇಲ್ದೆ ಕಳಿಸೋದು ಬೇಡ, ಡಬ್ಬ ಮುಚ್ಚೋಕ್ ಮುಂಚೆ ಸೀರಿಯಲ್ ನಂಬರ್ ಕಾಣೋ ಹಾಗೆ ಒಂದು ಫೋಟೋ ತೆಗೆದಿಟ್ಕೊಳ್ಳಿ, ವಾಪಸ್ ಬಂದಿದ್ದು ನಿಮ್ದೇನಾ ಬೇರೆಯವ್ರದ್ದಾ ಅನ್ನೋ ಜಗಳ ಬಂದ್ರೆ ಬೇಕಾಗುತ್ತೆ.