ಎಳೆ ತಿರುಗಿದ್ದನ್ನು ಮೊದಲು ತೋರಿಸಿ

ನಮಸ್ಕಾರ. ಶಿಲೀಂಧ್ರಗಳ ಆಕಾರ ಬದಲಾವಣೆಯಲ್ಲಿ ಕ್ಯಾಲ್ಸಿಯಂ ಪಾತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸರಾಗವಾಗಿದೆ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

"ಕ್ಯಾಲ್ಸಿಯಂ ಆದೇಶ ಕೊಟ್ಟ ಕೂಡಲೇ ಕ್ಯಾಂಡಿಡಾದ ದುಂಡನೆಯ ಕೋಶ ಎಳೆಯಾಗುತ್ತದೆ" ಅಂತ ಬರೆದಿದ್ದೀರಿ. ಹಾಗಲ್ಲ. ನಮ್ಮ ದೇಹದಲ್ಲೇ ಇರುವ ಶಿಲೀಂಧ್ರ ಕ್ಯಾಂಡಿಡಾ ಅಲ್ಬಿಕಾನ್ಸ್ ಎಳೆ ಬಿಡೋದಕ್ಕೆ 37 ಡಿಗ್ರಿ ಬಿಸಿ, ರಕ್ತದ ಸೀರಂ ಹೀಗೆ ಹಲವು ಪ್ರಚೋದನೆಗಳಿವೆ. ಅವು ಕೆಲಸ ಮಾಡೋದು ಹೆಚ್ಚಾಗಿ ಸೈಕ್ಲಿಕ್ ಎಎಂಪಿ ಅನ್ನೋ, ಕೋಶದೊಳಗೆ ಸಂದೇಶ ಒಯ್ಯುವ ಇನ್ನೊಂದು ಅಣುವಿನ ದಾರಿಯಲ್ಲಿ. 2007ರಲ್ಲಿ ಸ್ಕಾಟ್‌ಲ್ಯಾಂಡಿನ ಅಬರ್ಡೀನ್‌ನ ಅಲೆಕ್ಸಾಂಡ್ರಾ ಬ್ರ್ಯಾಂಡ್, ನೀಲ್ ಗೌ ತಂಡದವರು ಕ್ಯಾಲ್ಸಿಯಂ ಒಳಬಿಡುವ ಸಿಸಿಎಚ್1, ಮಿಡ್1 ಜೀನ್‌ಗಳನ್ನು ತೆಗೆದು ನೋಡಿದರು. ಎಳೆ ಬೆಳೆಯಿತು. ಆದರೆ ದಾರಿಯಲ್ಲಿ ಸಣ್ಣ ದಿಣ್ಣೆ ಸಿಕ್ಕಾಗ ತಿರುಗುವ ಗುಣ ಕುಗ್ಗಿತ್ತು. ಅಂದರೆ ಅಲ್ಲಿ ಕ್ಯಾಲ್ಸಿಯಂ ಬೇಕಾಗಿದ್ದು ದಿಕ್ಕು ಹಿಡಿಯೋದಕ್ಕೆ. ಎಷ್ಟು ಚೆಂದದ ಸಂಗತಿ ಇದು! ಅದನ್ನೇ ಬಿಟ್ಟಿದ್ದೀರಲ್ಲ.

ಮುಂದಿನ ಸಾಲು: "ಆಗ ಕ್ಯಾಲ್ಸಿಯಂ ಮಟ್ಟ ಏರುತ್ತದೆ." ಎಲ್ಲಿ? ಎಷ್ಟರಿಂದ? ಕೋಶದ ಒಳದ್ರವದಲ್ಲಿ ಬಿಡಿ ಕ್ಯಾಲ್ಸಿಯಂ ಇರೋದು ಸುಮಾರು 100 ನ್ಯಾನೋಮೋಲಾರ್, ಅಂದರೆ ತೀರಾ ಕಡಿಮೆ. ನಮ್ಮ ರಕ್ತದಲ್ಲಿ ಅದರ ಸುಮಾರು 10,000 ಪಟ್ಟು ಇದೆ. ಕೋಶದ ಪಂಪುಗಳು ಸದಾ ದುಡಿದು ಆ ಅಂತರ ಕಾಯುತ್ತವೆ. ಅದಕ್ಕೇ ಕ್ಯಾಲ್ಸಿಯಂ ಒಳಬಿಡುವ ಬಾಗಿಲು, ಅಂದರೆ ಚಾನೆಲ್, ಒಂದು ಗಳಿಗೆ ತೆರೆದರೂ ಒಳಗೆ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಅನ್ನೋ ಪ್ರೋಟೀನಿಗೆ ಅಂಟುತ್ತದೆ, ಅದು ಕ್ಯಾಲ್ಸಿನ್ಯೂರಿನ್ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಸಿಆರ್‌ಝಡ್1 ಪ್ರೋಟೀನಿನ ಫಾಸ್ಫೇಟ್ ಕಳಚುತ್ತದೆ, ಅದು ನ್ಯೂಕ್ಲಿಯಸ್‌ಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಓದುಗರಿಗೆ ಇದು ಕಷ್ಟ ಅಂತ ಬಿಟ್ಟಿರಾ? ಅವರು ಓದ್ತಾರೆ, ನಂಬಿ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ಹಿರಿಯರೊಬ್ಬರಿದ್ದರು. ವಿಜ್ಞಾನದ ಸುದ್ದಿ ಕೊಟ್ಟರೆ ಸಾಕು, "ಅವರು ಕಂಡದ್ದೇನು? ಅದನ್ನ ಮೊದಲು ಹಾಕು, ಯಾಕೆ ಅನ್ನೋದು ಆಮೇಲೆ" ಅನ್ನೋರು. ಪುಟ ಹೋಗುವ ಹೊತ್ತಾದರೂ ಬಿಡುತ್ತಿರಲಿಲ್ಲ. ಲ್ಯಾಬಿನವರಿಗೆ ಫೋನ್ ಹಚ್ಚಿ ಕೇಳಿಸುತ್ತಿದ್ದರು. ನನಗೆ ಆಗ ರೇಗುತ್ತಿತ್ತು. ಈಗ ಆ ಪ್ರಶ್ನೆ ಕೇಳದೆ ನಾನು ಯಾವ ಲೇಖನವನ್ನೂ ಮುಂದಕ್ಕೆ ಕಳಿಸಲ್ಲ.

ಕ್ಯಾಲ್ಸಿಯಂ ದಾರಿಯೇ ಆಕಾರ ತೀರ್ಮಾನಿಸುವ ಕತೆ ಬೇಕಿದ್ದರೆ ಮ್ಯೂಕರ್ ಸರ್ಸಿನೆಲಾಯ್ಡಿಸ್ ಇದೆ, ಬ್ಲ್ಯಾಕ್ ಫಂಗಸ್ ಬಳಗದ್ದು. ಕ್ಯಾಲ್ಸಿನ್ಯೂರಿನ್ ಕೆಡಿಸಿದರೆ ಅದು ಎಳೆ ಬಿಡದೆ ದುಂಡು ಕೋಶದ ಯೀಸ್ಟ್ ಆಗಿಯೇ ಉಳಿಯುತ್ತದೆ. ಕ್ಯಾಂಡಿಡಾ, ಮ್ಯೂಕರ್ ಎರಡನ್ನೂ ಪಕ್ಕಪಕ್ಕ ಇಡಿ, "ಎಲ್ಲ ಶಿಲೀಂಧ್ರಗಳಲ್ಲೂ" ಹೀಗೇ ಅನ್ನೋ ನಿಮ್ಮ ಸಾಲು ತಾನಾಗೇ ಬಿದ್ದುಹೋಗುತ್ತದೆ. ದಿಣ್ಣೆಯ ಪ್ರಯೋಗದಿಂದ ಶುರು ಮಾಡಿ, ಇನ್ನೊಮ್ಮೆ ಬರೆದು ಕಳಿಸಿ. ಖಂಡಿತ ಓದುತ್ತೇನೆ.