ನಿಂಬೆ ಐಸ್‌ಕ್ರೀಮಿಗೆ ಹಾಲು ಒಡೆಯುತ್ತಿದೆ ಎಂದವರಿಗೆ

ಕ್ರೀಮ್ ಇಲ್ಲದೆ ನಿಂಬೆ ಐಸ್‌ಕ್ರೀಮ್ ಮಾಡಲು ಹೋದರೆ ಹಾಲು ಒಡೆಯಿತು, ಫ್ರೀಜರಿನಲ್ಲಿ ಕಲ್ಲಿನ ಹಾಗೆ ಗಟ್ಟಿಯೂ ಆಯಿತು ಎಂದಿದ್ದೀರಿ. ಹಾಲು ಬೆಚ್ಚಗಿರುವಾಗಲೇ ನಿಂಬೆರಸ ಹಿಂಡಿರಬೇಕು, ಅದಕ್ಕೇ ಒಡೆದಿದೆ. ಕಲ್ಲಿನ ಹಾಗೆ ಗಟ್ಟಿಯಾಗಿದ್ದಕ್ಕೆ ಬಹುಶಃ ಸಕ್ಕರೆ ಕಡಿಮೆ ಮಾಡಿದ್ದೇ ಕಾರಣ. ಸಕ್ಕರೆ ಬರೀ ಸಿಹಿಗಲ್ಲ, ಪೂರ್ತಿ ಮಂಜುಗಡ್ಡೆಯಾಗದ ಹಾಗೆ ತಡೆಯುವುದೂ ಅದೇ.

ಕ್ರೀಮ್ ಬೇಡ ಅಂದಿದ್ದೀರಲ್ವಾ, ಕಾರ್ನ್‌ಫ್ಲೋರ್ ಸಾಕು. ಮೊದಲು 120 ಗ್ರಾಂ ಸಕ್ಕರೆಗೆ ಎರಡು ನಿಂಬೆಯ ಹಳದಿ ಸಿಪ್ಪೆ ತುರಿದು ಬೆರಳಿನಲ್ಲಿ ಚೆನ್ನಾಗಿ ಉಜ್ಜಿ. ಸಕ್ಕರೆ ಒದ್ದೆ ಮರಳಿನಂತಾಗಿ ಘಮ್ ಎನ್ನುತ್ತದೆ. ನಿಜವಾದ ಪರಿಮಳ ಇರುವುದು ಸಿಪ್ಪೆಯಲ್ಲೇ. ಒಳಗಿನ ಬಿಳಿ ಭಾಗ ಮಾತ್ರ ತುರಿಯಬೇಡಿ, ಕಹಿ.

ಅರ್ಧ ಲೀಟರ್ ಹಾಲು ತಣ್ಣಗಿರುವಾಗಲೇ ಅದರಿಂದ ಸ್ವಲ್ಪ ಬೇರೆ ತೆಗೆದು, ಅದರಲ್ಲಿ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕರಗಿಸಿ. ಉಳಿದ ಹಾಲಿಗೆ ಆ ಸಕ್ಕರೆ ಹಾಕಿ ಕುದಿಸಿ, ಕಾರ್ನ್‌ಫ್ಲೋರ್ ಸೇರಿಸಿ ಚಮಚಕ್ಕೆ ಅಂಟುವಷ್ಟು ಕಾಯಿಸಿ. ಆರಿದ ಮೇಲೆ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಈ ಸೆಕೆಯಲ್ಲಿ ಹೊರಗಿಟ್ಟರೆ ಸಾಲದು, ಪಾತ್ರೆ ಮುಟ್ಟಿದರೆ ಕೈ ಜುಮ್ ಎನ್ನಬೇಕು.

ಆಮೇಲೆ ರಸ. ನಾಲ್ಕು ದೊಡ್ಡ ಚಮಚ, ತೆಳ್ಳಗೆ ಸುರಿಯುತ್ತಾ ಕಲಕಿ. ಮಜ್ಜಿಗೆಯಂತೆ ತುಸು ಮಂದವಾದರೆ ಗಾಬರಿ ಬೇಡ, ಅದು ಒಡೆದದ್ದಲ್ಲ. ಒಂದೊಂದು ನಿಂಬೆಯ ಹುಳಿ ಒಂದೊಂದು ಥರ, ರುಚಿ ನೋಡಿಕೊಳ್ಳಿ. ಫ್ರೀಜರಿನಲ್ಲಿ ರುಚಿ ಸಪ್ಪೆಯಾಗುತ್ತದೆ, ಈಗ ಒಂಚೂರು ಜಾಸ್ತಿಯೇ ಇರಲಿ.

ಅಗಲವಾದ ಸ್ಟೀಲ್ ಡಬ್ಬಿಗೆ ಹಾಕಿ ಮುಕ್ಕಾಲು ಗಂಟೆಗೊಮ್ಮೆ ಫೋರ್ಕಿನಿಂದ ಕೆದಕಿ, ಮೂರು ಸಲ. ಕೊನೆಗೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಮತ್ತೆ ಫ್ರೀಜರಿಗೆ. ತಿನ್ನುವ ಹತ್ತು ನಿಮಿಷ ಮೊದಲು ಕೆಳಗಿನ ಫ್ರಿಜ್ಜಿಗೆ ಇಳಿಸಿ.