ಎದೆನೋವು ಬಂದರೆ ಮೊದಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ತಾಲೂಕಿನ ಒಳಗಿನ ಹಳ್ಳಿ. ಅಪ್ಪನಿಗೆ 58 ವರ್ಷ. ಬಿಪಿ ಇದೆ, ಆದರೆ ತಲೆ ತಿರುಗುವುದು ನಿಂತಿತು ಅಂತ ಮಾತ್ರೆ ಬಿಟ್ಟಿದ್ದಾರೆ. ತಂಬಾಕು ಹಾಕಿದ ಕವಳ ಬಾಯಲ್ಲಿ ಇದ್ದೇ ಇರುತ್ತದೆ. ಅಕಸ್ಮಾತ್ ಎದೆನೋವು ಬಂದರೆ ಸೀದಾ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವುದೇ ಒಳ್ಳೆಯದು ಅಲ್ವಾ?

ಉತ್ತರ: ಅಲ್ಲ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ, ಇಸಿಜಿ ತೆಗೆಸಿ. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ಒಂದೊಂದು ನಿಮಿಷವೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ದೊಡ್ಡ ಆಸ್ಪತ್ರೆ ಅಂತ ಗಂಟೆಗಟ್ಟಲೆ ಕಾರಿನಲ್ಲಿ ಕೂತರೆ ಆ ಹೊತ್ತೆಲ್ಲ ನಷ್ಟ. ಮಳೆಗಾಲದಲ್ಲಂತೂ ನಮ್ಮ ಘಟ್ಟದ ರಸ್ತೆ ನಂಬುವ ಹಾಗಿಲ್ಲ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿದ್ದು ನೆನಪಿದೆಯಲ್ಲ.

ಈ ದೂರದ ಕಷ್ಟಕ್ಕಾಗಿಯೇ ಸರ್ಕಾರ ಪುನೀತ್ ರಾಜಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ, ಬೇಕು ಅನ್ನಿಸಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದಕ್ಕೆ ಸಾವಿರಾರು ರೂಪಾಯಿ ಬೀಳುತ್ತದೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಲಿ, ಬೇಡ ಅನ್ನುವುದಿಲ್ಲ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ರಾತ್ರಿಯೂ ಸಿಗುತ್ತದಾ ಅಂತ ಈಗಲೇ ಹೋಗಿ ಕೇಳಿಡಿ. ಸಿಗದಿದ್ದರೆ ಊರವರೆಲ್ಲ ಸೇರಿ ಕೇಳಿ. ಪೇಟೆಯವರಿಗೆ ಹತ್ತು ನಿಮಿಷದಲ್ಲಿ ಸಿಗುವ ಚಿಕಿತ್ಸೆ ಜೋಯಿಡಾದ ಕಾಡಿನ ಮನೆಯವರಿಗೂ ಸಿಗಬೇಕು.

ಈಗ ಅಪ್ಪನ ವಿಷಯ. ತಲೆ ತಿರುಗದಿದ್ದರೆ ಬಿಪಿ ಇಲ್ಲ ಅಂತಲ್ಲ. ಮಾತ್ರೆಯಿಂದಲೇ ಅದು ಹಿಡಿತದಲ್ಲಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಉಚಿತ. ತೋಟದ ಕೆಲಸ ಬಿಟ್ಟು ಪದೇ ಪದೇ ಬರಲಾಗುವುದಿಲ್ಲ, ಒಂದು ತಿಂಗಳದ್ದು ಒಟ್ಟಿಗೆ ಕೊಡಿ ಅಂತ ಕೇಳಿ. ಕವಳದ ತಂಬಾಕನ್ನು ಮಾತ್ರ ಬಿಡಿಸಲೇಬೇಕು, ಹೊಗೆ ಇಲ್ಲ ಅಂದ ಮಾತ್ರಕ್ಕೆ ಅದರಿಂದ ಹೃದಯಕ್ಕೆ ಅಪಾಯ ಇಲ್ಲ ಅಂತಲ್ಲ. ಹಾಗೇ ಅಮ್ಮನ ಬಿಪಿ, ಶುಗರ್ ಕೂಡ ನೋಡಿಸಿ. 30 ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಈ ತಪಾಸಣೆ ಇದೆ. ಹೆಂಗಸರಿಗೆ ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಉಸಿರುಗಟ್ಟುವಿಕೆ, ತಣ್ಣನೆಯ ಬೆವರು, ದವಡೆ ನೋವು, ವಾಕರಿಕೆಯಾಗಿಯೂ ಬರಬಹುದು. ಮನೆಯವರು ಗ್ಯಾಸು ಅಂತ ಸುಮ್ನೆ ಸೋಡಾ ಕುಡಿಸಿ ಮಲಗಿಸುತ್ತಾರೆ. ಹಾಗೆ ಮಾಡಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಮೀನುಗಾರರ ಮನೆ. ಬಿಪಿ ಇದ್ದವರು ಒಣಮೀನು ತಿನ್ನಲೇಬಾರದಾ?

ಉತ್ತರ: ಜೂನ್, ಜುಲೈಯಲ್ಲಿ ಬೋಟ್ ಕಡಲಿಗೆ ಇಳಿಯುವುದಿಲ್ಲ, ಆಗ ಒಣಮೀನು, ಒಣ ಶೆಟ್ಲಿಯೇ (ಸೀಗಡಿ) ಆಧಾರ ಅಂತ ಗೊತ್ತು. ಅಪರೂಪಕ್ಕೆ ಸ್ವಲ್ಪ ತಿನ್ನಿ. ನೀರಲ್ಲಿ ನೆನೆಸಿ ಎರಡು ಮೂರು ಸಲ ತೊಳೆಯಿರಿ, ಸಾರಿಗೆ ಬೇರೆ ಉಪ್ಪು ಹಾಕಬೇಡಿ. ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಆಗಸ್ಟಿನಲ್ಲಿ ಹಸಿ ಬಂಗಡೆ ಬಂದ ಮೇಲೆ ಸಾರು ಮಾಡಿ ಧಾರಾಳವಾಗಿ ತಿನ್ನಿ, ಹುರಿಯುವುದು ಜಾಸ್ತಿ ಬೇಡ.